ತಕ್‌ಪಟ್ಟಿಯಲ್ಲಿ ಒಡೆದುಹೋದ ಹೆಸರು

ಕಲಬುರಗಿಯ ನೆಹರು ಗಂಜ್‌ನಲ್ಲಿ ನಮ್ಮ ಕಾಕಾರದು ಒಂದು ಅಡತಿ ಅಂಗಡಿ. ಡಿಸೆಂಬರ್ ಬಂತೆಂದರೆ ತೊಗರಿ ಬರಲು ಶುರು, ಆಮೇಲೆ ಎರಡು ತಿಂಗಳು ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೀಲ ಇಳಿಸಿ, ತೂಕ ಮಾಡಿ, ವ್ಯಾಪಾರ ಮುಗಿದ ಮೇಲೆ ರೈತರ ಕೈಗೆ ತಕ್‌ಪಟ್ಟಿ ಕೊಡಬೇಕು. ಎಷ್ಟು ಚೀಲ, ಎಷ್ಟು ಕ್ವಿಂಟಾಲ್, ಏನು ದರ, ಹಮಾಲಿ ಎಷ್ಟು ಹೋಯಿತು, ಕೈಗೆ ಬರುವುದು ಎಷ್ಟು, ಎಲ್ಲ ಅದರಲ್ಲೇ. ಇಷ್ಟು ವರ್ಷ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬರೆಯುತ್ತಿದ್ದರು. "ಕಂಪ್ಯೂಟರ್ ಕಲ್ತಿದಿ ಅಲ್ಲಾ, ಇದೊಂದ್ ಮಾಡಿಕೊಡು ತಮ್ಮಾ" ಅಂದರು ಕಾಕಾ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬರುತ್ತಿತ್ತು. ಒಪ್ಪಿಕೊಂಡೆ.

ಮೊದಲು ಹಿಡಿದ ಲೈಬ್ರರಿಯಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒಂದೇ ಸಂಜೆಗೆ ಪಿಡಿಎಫ್ ಬಂತು. ಮೇಲೆ ಅಂಗಡಿ ಹೆಸರು, ಸುತ್ತ ಚೌಕಟ್ಟು, ಸಾಲು ಸಾಲಾಗಿ ಅಂಕಿ. ಇಂಗ್ಲಿಷಿನಲ್ಲಿ ನೋಡಲು ಚೆನ್ನಾಗಿತ್ತು. ಕನ್ನಡ ಫಾಂಟ್ ಹಾಕಿ ಮರುದಿನ ಬೆಳಿಗ್ಗೆ ನಾಲ್ಕು ಪಟ್ಟಿ ಪ್ರಿಂಟ್ ತೆಗೆದು ಕೊಟ್ಟೆವು. ಚಿತ್ತಾಪುರ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಹಾಳೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದರು. "ತಮ್ಮಾ, ನನ್ನ ಹೆಸರು ಹಿಂಗ್ಯಾಕ ಒಡದದ?" ಅಂದರು. ಅವರ ಹೆಸರು ಮಲ್ಲಿಕಾರ್ಜುನ. ಹಾಳೆಯ ಮೇಲೆ ಒಂದು ಲ, ಅದಕ್ಕೊಂದು ತುಂಡು ಗೀರು, ಪಕ್ಕದಲ್ಲಿ ಇನ್ನೊಂದು ಲಿ, ಅರ್ಕಾವತ್ತು ಇರಬೇಕಾದ ಕಡೆ ಬಿಡಿಯಾಗಿ ನಿಂತ ರ. ಅವರಿಗೆ ಕೋಪ ಬಂದಿರಲಿಲ್ಲ. ಆದರೆ ದುಡ್ಡಿನ ಕಾಗದದ ಮೇಲೆ ತನ್ನ ಹೆಸರು ಸರಿಯಾಗಿಲ್ಲದಿದ್ದರೆ ಯಾರಿಗಾದರೂ ಅನುಮಾನ ಬರುತ್ತದೆ, ಅಲ್ವಾ? ಆ ನಾಲ್ಕೂ ಪಟ್ಟಿ ವಾಪಸ್ ತಗೊಂಡು ಪೆನ್ನಿನಲ್ಲಿ ಬರೆದುಕೊಟ್ಟೆವು.

ಹೀಗೆ ಯಾಕಾಗುತ್ತದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಕನ್ನಡದಲ್ಲಿ ಬಿಲ್ಲು, ಸರ್ಟಿಫಿಕೇಟು ಏನೇ ಮಾಡಲು ಹೋದರೂ ಎಲ್ಲರೂ ಎಡವುವುದು ಇಲ್ಲೇ. ಪಿಡಿಎಫ್ ಪುಟದ ಒಳಗೆ ಇರುವುದು ಬರೀ ಅಪ್ಪಣೆಗಳು: ಈ ಫಾಂಟ್ ತಗೋ, ಈ ಜಾಗಕ್ಕೆ ಹೋಗು, ಫಾಂಟಿನ ಇಂತಿಷ್ಟನೇ ಆಕಾರ ಇಡು, ಇಲ್ಲಿಂದ ಅಲ್ಲಿಗೆ ಗೆರೆ ಎಳಿ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಕೂರಬೇಕು ಎಂದು ಪಿಡಿಎಫ್ ಲೆಕ್ಕ ಹಾಕುವುದಿಲ್ಲ. ಅದನ್ನು ಲೈಬ್ರರಿ ಮೊದಲೇ ತೀರ್ಮಾನಿಸಿ ಬರೆದಿರಬೇಕು.

"ಕ್ವಿಂಟಾಲ್" ಪದವನ್ನೇ ನೋಡಿ. ಓದುವವರಿಗೆ ಮೂರು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಯೂನಿಕೋಡ್‌ನಲ್ಲಿ 9 ಸಂಕೇತ: ಕ, ವಿರಾಮ (ಅರ್ಧಾಕ್ಷರ ಮಾಡುವ ಗುರುತು), ವ, ಗುಡಿಸು, ಸೊನ್ನೆ, ಟ, ದೀರ್ಘ, ಲ, ಮತ್ತೆ ವಿರಾಮ. ಗುಡಿಸು ಬರುವುದು ವ ಆದಮೇಲೆ, ಕೂರುವುದು ಮಾತ್ರ ಕ ತಲೆಯ ಮೇಲೆ, ವ ಕೆಳಗಿಳಿದು ಒತ್ತಾಗುತ್ತದೆ. "ಖರ್ಚು" ಇನ್ನೊಂದು ಥರ. ರ ಮೊದಲು ಟೈಪ್ ಆಗುತ್ತದೆ, ಕಾಣಿಸುವುದು ಚು ದಾಟಿದ ಮೇಲೆ. ಈ ಹಿಂದುಮುಂದು ಕೆಲಸಕ್ಕೆ ಶೇಪಿಂಗ್ ಎನ್ನುತ್ತಾರೆ. ಅದರ ನಿಯಮಗಳು ಫಾಂಟಿನ ಒಳಗೇ ಇರುತ್ತವೆ, ಓದಿ ಜಾರಿಗೆ ತರಲು ಒಂದು ಎಂಜಿನ್ ಬೇಕು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರಲ್ಲೂ ಅದಕ್ಕೆ ಹಾರ್ಫ್‌ಬಜ್ ಎಂಬ ಎಂಜಿನ್ ಇದೆ. ನಾನು ಮೊದಲು ಬರೆದ ಕೋಡ್ ಸಂಕೇತಗಳನ್ನು ಬಂದ ಸಾಲಿನಲ್ಲೇ ಜೋಡಿಸಿ ಕೈತೊಳೆದುಕೊಂಡಿತ್ತು.

ಕೆಲವರು ಹೆಸರನ್ನು ಚಿತ್ರ ಮಾಡಿ ಅಂಟಿಸು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಫೈಲ್ ಭಾರ, ಪ್ರಿಂಟ್ ಮಸುಕು.

ಕೊನೆಗೆ ನಿಂತಿದ್ದು ಎಫ್‌ಪಿಡಿಎಫ್2 ಲೈಬ್ರರಿಯ ಮೇಲೆ. ಅದರ ಜೊತೆ, ಅದೇ ಹಾರ್ಫ್‌ಬಜ್ ಅನ್ನು ಪೈಥಾನ್‌ನಲ್ಲಿ ಬಳಸಲು, ಯುಹಾರ್ಫ್‌ಬಜ್ ಎಂಬ ಇನ್ನೊಂದು ಪ್ಯಾಕೇಜ್ ಹಾಕಿಕೊಳ್ಳಬೇಕು. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಸೇರಿಸಿ, ಟೆಕ್ಸ್ಟ್ ಶೇಪಿಂಗ್ ಆನ್ ಮಾಡುವ ಒಂದೇ ಒಂದು ಸಾಲು ಬರೆದು ಮತ್ತೆ ಪ್ರಿಂಟ್ ಕೊಟ್ಟೆ. ಮಲ್ಲಿಕಾರ್ಜುನ ಅಂತಲೇ ಬಂತು. ಲ ಕೆಳಗೆ ಲ ಒತ್ತು, ಜು ಆದಮೇಲೆ ಅರ್ಕಾವತ್ತು. ರಾತ್ರಿ ಹನ್ನೊಂದಾಗಿತ್ತು, ಆ ಹಾಳೆ ಹಿಡಿದು ಸುಮ್ನೆ ನೋಡುತ್ತಾ ಕೂತೆ, ಅಷ್ಟು ಖುಷಿ.

ಆಮೇಲೆ ಸಾಲು ಜೋಡಿಸುವ ಕೆಲಸ. ಪದದ ಉದ್ದ ಎಣಿಸಿ ಖಾಲಿ ಜಾಗ ತುಂಬಿದರೆ ಕನ್ನಡದಲ್ಲಿ ಕಾಲಂ ನಿಲ್ಲುವುದಿಲ್ಲ, ಪೈಥಾನ್ "ಕ್ವಿಂಟಾಲ್" ಅನ್ನು 9 ಎಂದು ಎಣಿಸುತ್ತದೆ. ಅಗಲವನ್ನು ಮಿಲಿಮೀಟರಿನಲ್ಲೇ ಅಳೆದು ತಗೊಳ್ಳಬೇಕು, ಅದಕ್ಕೆ ಲೈಬ್ರರಿಯಲ್ಲೇ ಫಂಕ್ಷನ್ ಇದೆ. ನಮ್ಮದು ಎ5 ಹಾಳೆ, 148 ಮಿಮೀ ಅಗಲ, 210 ಮಿಮೀ ಎತ್ತರ. ರೂಪಾಯಿ ಅಂಕಿಗಳನ್ನೆಲ್ಲ ಬಲಕ್ಕೆ ಒತ್ತಿ ನಿಲ್ಲಿಸಿದೆ. ಕಾಕಾ ಕೇಳಿದ್ದು ಅದೊಂದೇ, "ಕೂಡಿಸಿ ನೋಡೋರಿಗೆ ಬಿಡಿ ಕೆಳಗ ಬಿಡಿ, ನೂರು ಕೆಳಗ ನೂರು ಬರಬೇಕ್ ನೋಡು" ಅಂತ.

ಪಟ್ಟಿಯ ಕೆಳಗೆ ಹಿಂದಿನ ಆರು ದಿನದ ತೊಗರಿ ದರದ ಪುಟ್ಟ ಚಿತ್ರವನ್ನೂ ಹಾಕಿದೆ. ಆರು ಕಂಬ, ಒಂದೊಂದು 8 ಮಿಮೀ ಅಗಲ. ಇಲ್ಲೂ ಒಂದು ತೊಡಕು. ಪಿಡಿಎಫ್‌ನ ಸ್ವಂತ ಲೆಕ್ಕ ಪುಟದ ಕೆಳಗಿನ ಎಡ ಮೂಲೆಯಿಂದ ಶುರುವಾಗಿ ಮೇಲಕ್ಕೆ ಏರುತ್ತದೆ, ಅಳತೆ ಇಂಚಿನ 72ನೇ ಒಂದು ಭಾಗ. ಎಫ್‌ಪಿಡಿಎಫ್2 ಮೇಲಿನ ಎಡ ಮೂಲೆಯಿಂದ ಕೆಳಕ್ಕೆ ಎಣಿಸುತ್ತದೆ, ಅದೂ ಮಿಲಿಮೀಟರಿನಲ್ಲಿ. ಹಾಗಾಗಿ ನನ್ನ ಕಂಬಗಳು ಮೊದಲು ಬಾವಲಿಯ ಹಾಗೆ ತಲೆಕೆಳಗಾಗಿ ಜೋತುಬಿದ್ದವು. ತಳದ ಗೆರೆಯಿಂದ ಕಂಬದ ಎತ್ತರ ಕಳೆದು ಅಲ್ಲಿಂದ ಆಯತ ಬಿಡಿಸಿದ ಮೇಲೆ ನೆಟ್ಟಗಾದವು. ಕಂಬಗಳನ್ನು ಸೊನ್ನೆಯಿಂದಲೇ ಎಬ್ಬಿಸಿದ್ದೇನೆ. ಮೇಲಿನ ತುದಿ ಮಾತ್ರ ಕತ್ತರಿಸಿ ತೋರಿಸಿದರೆ ಐವತ್ತು ರೂಪಾಯಿ ಏರುಪೇರು ಗುಡ್ಡದಷ್ಟು ಕಾಣುತ್ತದೆ, ಮಾಲು ಮಾರಲು ಬಂದವರಿಗೆ ಅದು ಮೋಸ ಮಾಡಿದಂತೆ. ಪ್ರತಿ ಕಂಬದ ನೆತ್ತಿಯ ಮೇಲೆ ಆ ದಿನದ ದರವನ್ನೇ ಬರೆದಿದ್ದೇನೆ.

ಫಾಂಟಿನಲ್ಲಿ ಬೇಕಾದಷ್ಟು ಆಕಾರಗಳು ಮಾತ್ರ ಫೈಲಿನೊಳಗೆ ಸೇರುತ್ತವೆ. ಹಾಗಾಗಿ ವಾಟ್ಸಾಪ್‌ನಲ್ಲಿ ಕಳಿಸಿದರೂ ರೈತರ ಫೋನಿನಲ್ಲಿ ಅದೇ ಅಕ್ಷರ ಕಾಣುತ್ತದೆ, ಅವರ ಫೋನಿನಲ್ಲಿ ಕನ್ನಡ ಫಾಂಟ್ ಇರಲಿ ಬಿಡಲಿ. ಒಂದು ಕೊರತೆ ಇನ್ನೂ ಉಳಿದಿದೆ. ಪಿಡಿಎಫ್‌ನಿಂದ ಹೆಸರು ಕಾಪಿ ಮಾಡಿದರೆ ಕೆಲವು ಸಲ ಒತ್ತು ಅದಲುಬದಲಾಗುತ್ತದೆ. ಅದಕ್ಕೆ ಅಸಲು ಲೆಕ್ಕ ಬೇರೆ ಫೈಲಿನಲ್ಲಿದೆ, ಹುಡುಕುವುದು ಪಟ್ಟಿಯ ನಂಬರಿನಿಂದ.

ಈಗ ಯಾವ ಲೈಬ್ರರಿ ಹಿಡಿದರೂ ಮೊದಲು ಒಂದೇ ಸಾಲು ಪ್ರಿಂಟ್ ಮಾಡುತ್ತೇನೆ: ಕ್ವಿಂಟಾಲ್, ಖರ್ಚು, ಮಲ್ಲಿಕಾರ್ಜುನ, ಸ್ತ್ರೀ, ಜ್ಯೋತ್ಸ್ನಾ. ಪರದೆಯ ಮೇಲೆ ನೋಡಿ ಬಿಡುವುದಿಲ್ಲ, ಹಾಳೆಯನ್ನು ಕಾಕಾರ ಕೈಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳುತ್ತೇನೆ. ಅವರು ಎಲ್ಲೂ ತಡವರಿಸದೆ ಓದಿದರೆ ಆಮೇಲೆ ಚೌಕಟ್ಟು, ಗೆರೆ, ಚಿತ್ರ.