ಮಿಣುಕುವ ಲ್ಯಾಪ್‌ಟಾಪ್ ಸ್ಕ್ರೀನ್: ಒಂದು ರಿಪೇರಿ ಲಾಗ್

ಶುರುವಿನ ಟಿಪ್ಪಣಿ

ಯಂತ್ರ ಹಳೆಯದು. 15.6 ಇಂಚಿನ ಫುಲ್ ಎಚ್‌ಡಿ ಪ್ಯಾನೆಲ್, ವಾರಂಟಿ ಯಾವತ್ತೋ ಮುಗಿದಿದೆ, ಉಳಿದದ್ದೆಲ್ಲ ಚೆನ್ನಾಗಿ ಕೆಲಸ ಮಾಡುತ್ತಿದೆ. ಸ್ಕ್ರೀನ್ ಮಾತ್ರ ಇತ್ತೀಚೆಗೆ ಮಿಣುಕಲು ಶುರು ಮಾಡಿದೆ. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಕಂಡದ್ದನ್ನೆಲ್ಲ ಬರೆದಿಟ್ಟುಕೊಳ್ಳೋಣ ಅಂತ ಈ ಲಾಗ್.

"ಸ್ಕ್ರೀನ್ ಫ್ಲಿಕರ್ ಆಗ್ತಿದೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ಇಡೀ ಪರದೆಯೋ ಒಂದು ಭಾಗವೋ, ಬೆಳಕು ಮಾತ್ರ ಏರಿಳಿಯುತ್ತದೋ ಚಿತ್ರವೇ ಕೆಡುತ್ತದೋ, ಸುಮ್ಮನಿದ್ದಾಗ ಬರುತ್ತದೋ ಅಲುಗಾಡಿಸಿದಾಗಲೋ? ಇವಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಕುಳಿತು ನೋಡಿದಾಗ ನನಗೆ ಕಂಡದ್ದು ಒಂದಕ್ಕೊಂದು ಹೋಲದ ಎರಡು ಬಗೆ.

ಮೊದಲನೆಯದು: ಏನೂ ಮುಟ್ಟದೆ ಓದುತ್ತಾ ಕುಳಿತಾಗ ಇಡೀ ಪರದೆ ಕಣ್ಣು ಮಿಟುಕಿಸಿದ ಹಾಗೆ ಕ್ಷಣ ಮಂಕಾಗಿ ಸರಿಹೋಗುತ್ತದೆ. ವಿಡಿಯೊ ಓಡುತ್ತಿದ್ದರೆ, ಮೌಸ್ ಆಡಿಸುತ್ತಲೇ ಇದ್ದರೆ ಇದು ಬರುವುದೇ ಇಲ್ಲ. ಎರಡನೆಯದರಲ್ಲಿ ಅಡ್ಡಡ್ಡ ಗೆರೆಗಳು, ಚದುರಿದ ಬಣ್ಣದ ಚುಕ್ಕೆಗಳು, ಒಮ್ಮೊಮ್ಮೆ ಪೂರಾ ಬಿಳಿ. ಲ್ಯಾಪ್‌ಟಾಪನ್ನು ಎತ್ತಿ ಬೇರೆ ಕಡೆ ಇಟ್ಟಾಗ, ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಇದರ ಕಾಟ ಹೆಚ್ಚು. ಇನ್ನು ಮುಂದೆ ಮೊದಲನೆಯದಕ್ಕೆ "ಮಿಟುಕು", ಎರಡನೆಯದಕ್ಕೆ "ಗೆರೆ" ಅಂತ ಬರೆಯುತ್ತೇನೆ. ಇವು ಬೇರೆ ಬೇರೆ ಕಾಯಿಲೆ ಅನ್ನುವುದು ನನ್ನ ಅನುಮಾನ. ಹಾಗಿದ್ದರೆ ಪ್ರತಿ ಪರೀಕ್ಷೆಯಲ್ಲೂ ಎರಡರ ಫಲಿತಾಂಶವನ್ನೂ ಬೇರೆ ಬೇರೆ ಬರೆಯಬೇಕು.

ಬಿಚ್ಚದೆ ಮಾಡಿದ್ದು

ಆನ್ ಮಾಡಿದ ಕೂಡಲೇ ಬಯೋಸ್ ಸೆಟಪ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪುಟಕ್ಕೆ, ಹೋಗಿ ಅಲ್ಲೇ ಬಿಟ್ಟೆ. ಇಷ್ಟು ಸುಲಭದ ಪರೀಕ್ಷೆ ಇನ್ನೊಂದಿಲ್ಲ, ಆದರೂ ಹೆಚ್ಚಿನವರು ಮಾಡುವುದಿಲ್ಲ. ಅಲ್ಲಿ ವಿಂಡೋಸ್ ಇಲ್ಲ, ಅದರ ಗ್ರಾಫಿಕ್ಸ್ ಡ್ರೈವರ್ ಇಲ್ಲ, ಹಿನ್ನೆಲೆಯಲ್ಲಿ ಓಡುವ ಯಾವ ಆ್ಯಪ್ ಕೂಡ ಇಲ್ಲ. ಅಲ್ಲೂ ಸ್ಕ್ರೀನ್ ಕೆಟ್ಟರೆ ವಿಂಡೋಸ್ ರೀಇನ್‌ಸ್ಟಾಲ್ ಮಾಡಿ ಉಪಯೋಗವಿಲ್ಲ. ಎಷ್ಟು ಹೊತ್ತು ಕಾದರೂ ಮಿಟುಕು ಬರಲಿಲ್ಲ. ಮುಚ್ಚಳ ಸ್ವಲ್ಪ ಹಿಂದಕ್ಕೆ ವಾಲಿಸಿದೆ, ಗೆರೆ ಬಂತು.

ಆಮೇಲೆ ವಿಂಡೋಸ್ ಒಳಗೆ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟೆ. ಉಳಿದದ್ದೆಲ್ಲ ಮಿಣುಕಿ ಟಾಸ್ಕ್ ಮ್ಯಾನೇಜರ್ ಕಿಟಕಿ ಮಾತ್ರ ಅಲುಗದೆ ನಿಂತರೆ ಯಾವುದೋ ಆ್ಯಪ್ ತಂಟೆ ಮಾಡುತ್ತಿದೆ ಅಂತ ಲೆಕ್ಕ. ಅದೂ ಸೇರಿ ಮಿಣುಕಿದರೆ ಡಿಸ್‌ಪ್ಲೇ ಡ್ರೈವರ್ ಕಡೆ ನೋಡಬೇಕು. ನನ್ನಲ್ಲಿ ಅದೂ ಸೇರಿಯೇ ಮಿಟುಕಿತು. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಆಗುತ್ತದೆ, ಅದನ್ನೂ ಮಾಡಿದೆ. ಪರದೆ ಒಮ್ಮೆ ಕಪ್ಪಾಗಿ ಬೀಪ್ ಅಂದು ಮರಳಿತು. ಮಿಟುಕು ಹಾಗೆಯೇ ಇತ್ತು.

ಸೇಫ್ ಮೋಡ್‌ನಲ್ಲಿ ಮಿಟುಕು ಇಲ್ಲ, ಗೆರೆ ಇದೆ. ಅಲ್ಲಿ ಓಡುವುದು ವಿಂಡೋಸ್‌ನ ಸಾದಾ ಡಿಸ್‌ಪ್ಲೇ ಡ್ರೈವರ್. ಗ್ರಾಫಿಕ್ಸ್ ಚಿಪ್ಪಿನ ವಿದ್ಯುತ್ ಉಳಿಸುವ ಚಮತ್ಕಾರಗಳು ಯಾವುವೂ ಅದಕ್ಕೆ ಗೊತ್ತಿಲ್ಲ. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಎಚ್‌ಡಿಎಂಐ ಕೇಬಲ್ ಹಾಕಿ ಹೊರಗಿನ ಮಾನಿಟರ್ ಜೋಡಿಸಿದಾಗ ಅದರಲ್ಲಿ ಎರಡೂ ಕಾಣಲಿಲ್ಲ. ಲ್ಯಾಪ್‌ಟಾಪ್ ಪರದೆಯಲ್ಲಿ ಗೆರೆ ಕುಣಿಯುತ್ತಿರುವಾಗಲೂ ಮಾನಿಟರ್ ಶುದ್ಧವಾಗಿತ್ತು. ಅಂದರೆ ಗ್ರಾಫಿಕ್ಸ್ ಚಿಪ್ ಮತ್ತು ಮೆಮೊರಿಯ ಮೇಲಿನ ಅನುಮಾನ ಹೋಯಿತು. ಇಲ್ಲಿ ಒಂದು ಎಚ್ಚರಿಕೆ. "ಹೊರಗಿನ ಮಾನಿಟರ್ ಸರಿಯಿದೆ, ಆದ್ದರಿಂದ ಪ್ಯಾನೆಲ್ ಹೋಗಿದೆ, ಬದಲಿಸಿ" ಅಂತ ಥಟ್ಟನೆ ತೀರ್ಪು ಕೊಡುವವರಿದ್ದಾರೆ. ಒಳಗಿನ ಪ್ಯಾನೆಲ್‌ಗೆ ಮಾತ್ರ ಅನ್ವಯಿಸುವ ಡ್ರೈವರ್ ಸೆಟ್ಟಿಂಗ್‌ಗಳು ಇರುತ್ತವೆ, ಅವು ಎಚ್‌ಡಿಎಂಐ ಕಡೆ ತಲೆ ಹಾಕುವುದೇ ಇಲ್ಲ. ಪ್ಯಾನೆಲ್ ಬದಲಿಸುವ ತನಕ ಹೋಗುವ ಮೊದಲು ಇದೊಂದು ಖಾತ್ರಿ ಮಾಡಿಕೊಳ್ಳಬೇಕು.

ಬ್ಯಾಕ್‌ಲೈಟ್, ಅಂದರೆ ಪರದೆಯನ್ನು ಹಿಂದಿನಿಂದ ಬೆಳಗುವ ದೀಪದ ಬಗ್ಗೆ ಎರಡು ಮಾತು. ಬ್ರೈಟ್‌ನೆಸ್ ಇಳಿಸಿದಾಗ ಹಲವು ಪ್ಯಾನೆಲ್‌ಗಳು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಆರಿಸಿ ಹೊತ್ತಿಸುತ್ತವೆ, ಪಿಡಬ್ಲ್ಯೂಎಂ ಅನ್ನುವುದು ಇದಕ್ಕೇ. ಫೋನಿನ ಕ್ಯಾಮೆರಾ ಹಿಡಿದರೆ ಪಟ್ಟೆ ಕಾಣುತ್ತದೆ, ಕೆಲವರಿಗೆ ತಲೆನೋವೂ ಬರುತ್ತದೆ. ನನ್ನ ಮಿಟುಕು ಪೂರ್ತಿ ಬ್ರೈಟ್‌ನೆಸ್‌ನಲ್ಲೂ ಬರುತ್ತದೆ, ಬರಿಗಣ್ಣಿಗೆ ಎಣಿಸುವಷ್ಟು ನಿಧಾನವಾಗಿ. ಹಾಗಾಗಿ ಅದಲ್ಲ. ಪರದೆ ಪೂರಾ ಕಪ್ಪಾದವರು ಟಾರ್ಚನ್ನು ಓರೆಯಾಗಿ ಬಿಟ್ಟು ನೋಡಿ. ಮಸುಕಾಗಿ ಚಿತ್ರ ಕಂಡರೆ ಪ್ಯಾನೆಲ್ ಬದುಕಿದೆ, ಸತ್ತಿರುವುದು ಬ್ಯಾಕ್‌ಲೈಟ್.

ಮಿಟುಕಿನ ಬೆನ್ನು ಹತ್ತಿ

ಖಾಲಿ ನೋಟ್‌ಪ್ಯಾಡ್ ತೆರೆದು, ಕರ್ಸರ್ ಅದರಲ್ಲಿಟ್ಟು, ಕೈ ತೆಗೆದು ಸುಮ್ಮನೆ ನೋಡಿದೆ. ಕರ್ಸರ್ ಹೊತ್ತಿಕೊಂಡಾಗ ಒಂದು ಮಿಟುಕು, ಆರಿದಾಗ ಇನ್ನೊಂದು. ಎಲ್ಲ ಸಲವೂ ಅಲ್ಲ, ಆದರೆ ಮಿಟುಕು ಬಂದಾಗೆಲ್ಲ ಕರ್ಸರಿನ ತಾಳಕ್ಕೇ ಬಂತು. ಕರ್ಸರ್ ಇಲ್ಲದ ಕಿಟಕಿಗೆ ಹೋದರೆ ಆ ತಾಳ ತಪ್ಪಿ, ಮೂಲೆಯ ಗಡಿಯಾರದ ನಿಮಿಷ ಬದಲಾದಾಗ ಒಂದು ಮಿಟುಕು. ಅಂದರೆ ನಿಶ್ಚಲವಾಗಿದ್ದ ಚಿತ್ರದಲ್ಲಿ ಒಂದು ಸಣ್ಣ ಬದಲಾವಣೆ ಆದ ಗಳಿಗೆಯಲ್ಲೇ ಇದು ಬರುತ್ತಿದೆ.

ಇಷ್ಟು ಕಂಡ ಮೇಲೆ ಬೆರಳು ತೋರಿಸಬೇಕಾದದ್ದು ಪ್ಯಾನೆಲ್ ಸೆಲ್ಫ್ ರಿಫ್ರೆಶ್ ಕಡೆಗೆ, ಚಿಕ್ಕದಾಗಿ ಪಿಎಸ್‌ಆರ್. ಸಾಮಾನ್ಯವಾಗಿ ಚಿತ್ರ ಬದಲಾಗಲಿ ಬಿಡಲಿ, ಗ್ರಾಫಿಕ್ಸ್ ಚಿಪ್ ಸೆಕೆಂಡಿಗೆ 60 ಸಲ ಪೂರ್ತಿ ಚಿತ್ರವನ್ನು ಪ್ಯಾನೆಲ್‌ಗೆ ಕಳಿಸುತ್ತಲೇ ಇರುತ್ತದೆ. ಒಂದು ಪುಟ ಓದುತ್ತಾ ಕುಳಿತವರಿಗೆ ಇದು ದಂಡ. ಚಿಪ್ಪಿಗೂ ಒಳಗಿನ ಪ್ಯಾನೆಲ್‌ಗೂ ನಡುವಿನ ಲಿಂಕಿನ ಮಾನದಂಡಕ್ಕೆ ಇಡಿಪಿ ಅಂತ ಹೆಸರು; 2011ರಲ್ಲಿ ಬಂದ ಅದರ 1.3 ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಸೇರಿಸಿದರು. ಪಿಕ್ಸೆಲ್‌ಗಳಿಗೆ ಚಿತ್ರ ಹಂಚುವ, ಪ್ಯಾನೆಲ್‌ನದ್ದೇ ಆದ ಟೈಮಿಂಗ್ ಕಂಟ್ರೋಲರ್‌ನಲ್ಲೇ ಸ್ವಲ್ಪ ಮೆಮೊರಿ ಇಟ್ಟು, ಚಿತ್ರ ಬದಲಾಗದಿದ್ದಾಗ ಅಲ್ಲಿರುವ ಪ್ರತಿಯನ್ನೇ ಮತ್ತೆ ಮತ್ತೆ ತೋರಿಸುವುದು. ಅಷ್ಟು ಹೊತ್ತು ಚಿಪ್ಪೂ ಲಿಂಕೂ ನಿದ್ದೆ ಮಾಡಬಹುದು, ಬ್ಯಾಟರಿ ಉಳಿಯುತ್ತದೆ. ತೊಂದರೆ ಬರುವುದು ನಿದ್ದೆಗೆ ಜಾರುವಾಗ ಮತ್ತು ಏಳುವಾಗ. ಚಿಪ್ಪಿಗೂ ಪ್ಯಾನೆಲ್‌ಗೂ ಟೈಮಿಂಗ್ ಸ್ವಲ್ಪ ಹೊಂದದಿದ್ದರೆ ಆ ಗಳಿಗೆಯಲ್ಲೇ ಪರದೆ ಮಿಟುಕುತ್ತದೆ. ವಿಡಿಯೊ ಓಡುವಾಗ ನಿದ್ದೆಯೇ ಇಲ್ಲ, ಆದ್ದರಿಂದ ಮಿಟುಕೂ ಇಲ್ಲ. ಬಯೋಸ್‌ನಲ್ಲಿ, ಸೇಫ್ ಮೋಡ್‌ನಲ್ಲಿ ಯಾಕೆ ಬರಲಿಲ್ಲ ಅನ್ನುವುದಕ್ಕೂ ಇದೇ ಉತ್ತರ ಸಾಕು.

ಸಾಕು ಅಂದರೂ ಸಾಬೀತಾಗಬೇಕಲ್ಲ. ಇದೇ ಮನೆತನದ ಇನ್ನೂ ಇಬ್ಬರಿದ್ದಾರೆ. ಒಬ್ಬ, ಚಿತ್ರ ಗಾಢವಾಗಿದ್ದರೆ ಬ್ಯಾಕ್‌ಲೈಟನ್ನು ತಾನೇ ತಗ್ಗಿಸುವವನು. ಇನ್ನೊಬ್ಬ, ಬ್ಯಾಟರಿಗೆ ಬದಲಾದಾಗ ರಿಫ್ರೆಶ್ ದರವನ್ನು 60ರಿಂದ ಕೆಳಗಿಳಿಸುವವನು. ಗ್ರಾಫಿಕ್ಸ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಅನ್ನುವ ಕಡೆ ಇವುಗಳ ಸ್ವಿಚ್ ಇವೆ. ಮೂರನ್ನೂ ಒಟ್ಟಿಗೆ ಆಫ್ ಮಾಡಿದರೆ ಯಾವುದರಿಂದ ಗುಣವಾಯಿತು ಅಂತ ತಿಳಿಯುವುದಿಲ್ಲ. ಒಂದೊಂದೇ ಆಫ್ ಮಾಡಿ, ನೋಟ್‌ಪ್ಯಾಡ್ ಮುಂದೆ ಕುಳಿತು, ಮತ್ತೆ ಆನ್ ಮಾಡಿ ಮುಂದಿನದಕ್ಕೆ ಹೋದೆ. ಮೊದಲೆರಡರಿಂದ ಏನೂ ಆಗಲಿಲ್ಲ. ಪಿಎಸ್‌ಆರ್ ಆಫ್ ಮಾಡಿದ ಮೇಲೆ ಮಿಟುಕು ನಿಂತಿತು.

ಅಷ್ಟಕ್ಕೆ ಬಿಡದೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದೆ. ಅಲ್ಲೂ ಅದೇ ಮಿಟುಕು. ಬೂಟ್ ಆಗುವಾಗ ಪಿಎಸ್‌ಆರ್ ಬೇಡ ಅಂತ ಕರ್ನಲ್ ಪ್ಯಾರಾಮೀಟರ್ ಕೊಟ್ಟೆ, ಹೋಯಿತು. ಎರಡು ಆಪರೇಟಿಂಗ್ ಸಿಸ್ಟಮ್, ಎರಡು ಡ್ರೈವರ್, ಒಂದೇ ಸ್ವಿಚ್.

ಗೆರೆಗೆ ಬರೋಣ

ಮಿಟುಕು ಹೋದ ಮೇಲೆ ಗೆರೆಯನ್ನು ನೋಡುವುದು ಸಲೀಸಾಯಿತು, ಪರದೆಯಲ್ಲಿ ಏನೇ ಆದರೂ ಅದು ಗೆರೆಯೇ. ಇಡೀ ಪರದೆಗೆ ನಡು ಬೂದು ಬಣ್ಣದ ಚಿತ್ರ ಹಾಕಿ ಮುಚ್ಚಳವನ್ನು ತುಂಬಾ ನಿಧಾನವಾಗಿ ತೆರೆಯುತ್ತಾ ಹೋದೆ. ಬಿಳಿಯಲ್ಲಿ, ಕಪ್ಪಿನಲ್ಲಿ ತಪ್ಪಿಸಿಕೊಳ್ಳುವ ಸಣ್ಣ ದೋಷ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ನೆಟ್ಟಗೆ ನಿಲ್ಲಿಸಿದ್ದಕ್ಕಿಂತ ಸ್ವಲ್ಪ ಹಿಂದೆ ವಾಲಿದ ಒಂದು ಕಿರಿದಾದ ಅಂತರದಲ್ಲಿ ಮಾತ್ರ ಗೆರೆ, ಅದನ್ನು ದಾಟಿದರೆ ಶುದ್ಧ. ಪ್ಯಾನೆಲ್‌ನ ಅಂಚುಗಳನ್ನು ಮೆಲ್ಲಗೆ ಒತ್ತಿದರೂ ಏನೂ ಆಗಲಿಲ್ಲ. ಮುಚ್ಚಳ ತಿರುಗುವ ಎಡ ಹಿಂಜ್‌ನ ಮೇಲಿನ ಪ್ಲಾಸ್ಟಿಕ್ ಒತ್ತಿದರೆ ಥಟ್ಟನೆ ಬಂತು.

ಇನ್ನೊಂದು ಸುಳಿವು ಕ್ಯಾಮೆರಾದಿಂದ ಸಿಕ್ಕಿತು. ವೆಬ್‌ಕ್ಯಾಮ್ ಆನ್ ಮಾಡಿ, ಚಿತ್ರವನ್ನು ಹೊರಗಿನ ಮಾನಿಟರ್‌ನಲ್ಲಿ ಇಟ್ಟು, ಮುಚ್ಚಳವನ್ನು ಅದೇ ಕೋನಕ್ಕೆ ತಂದೆ. ಪರದೆಗೆ ಗೆರೆ ಬಂದ ಹೊತ್ತಿಗೇ ಕ್ಯಾಮೆರಾ ಚಿತ್ರವೂ ಹೆಪ್ಪುಗಟ್ಟಿತು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಪರದೆಯ ಸಿಗ್ನಲ್, ಬ್ಯಾಕ್‌ಲೈಟಿನ ವಿದ್ಯುತ್, ಕ್ಯಾಮೆರಾ ಮತ್ತು ಮೈಕಿನ ತಂತಿ ಎಲ್ಲವೂ ಒಂದೇ ಕಟ್ಟಾಗಿ ಹಿಂಜ್ ಮೂಲಕ ಹೋಗುತ್ತವೆ. ಪ್ಯಾನೆಲ್ ಕೆಟ್ಟಿದ್ದರೆ ಕ್ಯಾಮೆರಾಗೆ ಏನು ದಾಡಿ? ಆರೋಪಿ ಕೇಬಲ್.

ಬಿಚ್ಚಿದ್ದು

ಎಲ್ಲಕ್ಕಿಂತ ಮೊದಲು: ಪವರ್ ಆಫ್, ಚಾರ್ಜರ್ ಹೊರಗೆ, ತಳ ಬಿಚ್ಚಿ ಬ್ಯಾಟರಿಯ ಕನೆಕ್ಟರ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿಯುವುದು. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ. ಡಿಸ್‌ಪ್ಲೇ ಕೇಬಲ್‌ನಲ್ಲಿ ಬ್ಯಾಕ್‌ಲೈಟಿನ ವಿದ್ಯುತ್ತಿನ ಪಿನ್‌ಗಳೂ ಸಣ್ಣ ವೋಲ್ಟೇಜಿನ ಸಿಗ್ನಲ್ ಪಿನ್‌ಗಳೂ ಒಂದೇ ಸಾಲಿನಲ್ಲಿವೆ, ನಡುವೆ ಅರ್ಧ ಮಿಲಿಮೀಟರಿನಷ್ಟು ಜಾಗ. ಬ್ಯಾಟರಿ ಇರುವಾಗ ಕನೆಕ್ಟರನ್ನು ಓರೆಯಾಗಿ ಎಳೆದರೆ ಮದರ್‌ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಸುಡಬಹುದು. ಆಮೇಲೆ ಹೊಸ ಕೇಬಲ್ ಹಾಕಿದರೂ ಪರದೆ ಕಪ್ಪು.

ಸ್ಕ್ರೂಗಳನ್ನು ತೆಗೆದ ಹಾಗೆಲ್ಲ, ತಳದ ಚಿತ್ರ ಬರೆದ ರಟ್ಟಿನಲ್ಲಿ ಆಯಾ ಜಾಗಕ್ಕೇ ಚುಚ್ಚಿಟ್ಟೆ. ಉದ್ದ ಬೇರೆ ಬೇರೆ ಇರುತ್ತದೆ, ಗಿಡ್ಡನೆಯ ತೂತಿಗೆ ಉದ್ದದ ಸ್ಕ್ರೂ ಹೋದರೆ ಕೆಳಗಿನದನ್ನು ಚುಚ್ಚಿಕೊಂಡು ಹೋಗುತ್ತದೆ. ಪರದೆಯ ಸುತ್ತಿನ ಬೆಜೆಲ್‌ಗೆ ಇಲ್ಲಿ ಸ್ಕ್ರೂ ಇಲ್ಲ, ಕ್ಲಿಪ್ ಮತ್ತು ಅಂಟು ಪಟ್ಟಿ. ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಒಳಗಿನಿಂದ ಹೊರಕ್ಕೆ ಎಬ್ಬಿಸುತ್ತಾ ಬಂದೆ. ಪ್ಯಾನೆಲನ್ನು ಬಟ್ಟೆ ಹಾಸಿದ ಕೀಬೋರ್ಡ್ ಮೇಲೆ ಕವುಚಿ ಮಲಗಿಸಿದೆ.

ಹಿಂಬದಿಯಲ್ಲಿ 30 ಪಿನ್ನಿನ ಕನೆಕ್ಟರ್, ಮೇಲೆ ಅಂಟು ಟೇಪ್, ಅದರಡಿಯಲ್ಲಿ ಒಂದು ತೆಳು ಲೋಹದ ಕೊಂಡಿ. ಟೇಪ್ ಬಿಡಿಸಿ, ಕೊಂಡಿ ಎತ್ತಿ, ಕೇಬಲ್ ಸಾಗುವ ದಿಕ್ಕಿಗೇ ನೇರವಾಗಿ ಜಾರಿಸಿದೆ. ಪಿನ್‌ಗಳು ಹೊಳೆಯುತ್ತಿದ್ದವು. ಆದರೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿಸಿ, ಎರಡೂ ತುದಿ ಮತ್ತೆ ಕೂರಿಸಿ ಆನ್ ಮಾಡಿದೆ. ಎಷ್ಟೋ ಲ್ಯಾಪ್‌ಟಾಪ್‌ಗಳು ಇಷ್ಟಕ್ಕೇ ಸರಿಹೋಗುತ್ತವೆ. ಇದು ಹೋಗಲಿಲ್ಲ, ಅದೇ ಕೋನ, ಅದೇ ಗೆರೆ.

ಹಿಂಜ್ ಬಳಿ ಕೇಬಲ್ ತಿರುಗುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿದೆ. ಹೊರಗಿನ ಕಪ್ಪು ಬಟ್ಟೆ ಟೇಪ್ ಸವೆದು ನುಣ್ಣಗಾಗಿ ಮಿರುಗುತ್ತಿದೆ. ಹಿಂಜ್‌ನ ಲೋಹದ ಅಂಚು ತಾಗುವ ಕಡೆ ಕಟ್ಟು ಚಪ್ಪಟೆಯಾಗಿದೆ, ಒಂದೆರಡು ಎಳೆಗಳಲ್ಲಿ ತಾಮ್ರ ಇಣುಕುತ್ತಿದೆ. ಟೇಪ್ ಸುತ್ತಿ ಸುಧಾರಿಸುವ ಮಾತಿಲ್ಲ. ಒಳಗೆ ಚಿತ್ರದ ಸಿಗ್ನಲ್ ಒಯ್ಯುವ ಎಳೆ ಒಂದೊಂದೂ ತನ್ನದೇ ಲೋಹದ ಹೊದಿಕೆ ಇರುವ ಮೈಕ್ರೊ ಕೊಆ್ಯಕ್ಸ್, ಒಂದು ಲೇನ್‌ನಲ್ಲಿ, ಅಂದರೆ ಒಂದು ಜೋಡಿ ಎಳೆಯಲ್ಲಿ, ಸೆಕೆಂಡಿಗೆ 2.7 ಗಿಗಾಬಿಟ್ ಓಡಬಹುದು. ಆ ವೇಗದಲ್ಲಿ ಬೆಸುಗೆಯ ಗಂಟೇ ಹೊಸ ದೋಷ. ಬದಲಿಸುವುದೇ ಸರಿ.

ಕೇಬಲ್ ಹುಡುಕುವಾಗ ಲ್ಯಾಪ್‌ಟಾಪಿನ ಮಾಡೆಲ್ ಹೆಸರನ್ನು ನಂಬಬಾರದು. ಒಂದೇ ಹೆಸರಿನಲ್ಲಿ ಟಚ್ ಇರುವುದು ಇಲ್ಲದ್ದು, 30 ಪಿನ್ 40 ಪಿನ್ ಎಲ್ಲವೂ ಬಂದಿರುತ್ತವೆ. ಹಳೆಯ ಕೇಬಲ್ ಮೇಲೇ ಒಂದು ಚೀಟಿ ಅಂಟಿಸಿರುತ್ತಾರೆ, ಅದರ ಪಾರ್ಟ್ ನಂಬರ್ ಕೊಟ್ಟು ತರಿಸಿದೆ. ಪ್ಯಾನೆಲ್‌ನ ಹಿಂದಿನ ನಂಬರನ್ನೂ ಫೋಟೊ ತೆಗೆದಿಟ್ಟುಕೊಂಡೆ. ಅದರ ನಡುವಿನ 156 ಅಂದರೆ 15.6 ಇಂಚು. ಮುಂದೆ ಯಾವತ್ತಾದರೂ ಪ್ಯಾನೆಲ್ ಬೇಕಾದರೆ ಮತ್ತೆ ಬಿಚ್ಚುವ ಗೋಳಿಲ್ಲ.

ಹೊಸ ಕೇಬಲ್ ಬಂದ ಮೇಲೆ

ಜೋಡಿಸುವುದಕ್ಕಿಂತ ಹಾಯಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಹಿಂಜ್ ಸುತ್ತ ಕೇಬಲ್ ಬಿಗಿಯಾಗಿ ಕೂತರೆ ತೆರೆದಾಗೆಲ್ಲ ಎಳೆಯುತ್ತದೆ, ಸಡಿಲವಾದರೆ ಲೋಹದ ನಡುವೆ ಸಿಕ್ಕಿಕೊಳ್ಳುತ್ತದೆ. ಹಳೆಯದನ್ನು ತೆಗೆಯುವಾಗ ತೆಗೆದ ಫೋಟೊ ನೋಡಿ, ಪ್ಲಾಸ್ಟಿಕ್ ಜಾಡುಗಳಲ್ಲಿ ಅದೇ ದಾರಿಯಲ್ಲಿ ಕೂರಿಸಿದೆ. ಬೆಜೆಲ್ ಹಾಕುವ ಮೊದಲೇ ಬ್ಯಾಟರಿ ಜೋಡಿಸಿ, ಬೂದು ಚಿತ್ರ ಇಟ್ಟು, ಮುಚ್ಚಳವನ್ನು ಈ ತುದಿಯಿಂದ ಆ ತುದಿಗೆ ಆಡಿಸಿದೆ. ಯಾವ ಕೋನದಲ್ಲೂ ಗೆರೆ ಇಲ್ಲ, ಹಿಂಜ್ ಒತ್ತಿದರೂ ಇಲ್ಲ, ಕ್ಯಾಮೆರಾ ನಿಲ್ಲಲಿಲ್ಲ. ಬೆಜೆಲ್ ಒತ್ತಿ ಕೂರಿಸಿದೆ.

ಕೊನೆಗೆ ಉಳಿದ ಪ್ರಶ್ನೆ: ಮಿಟುಕಿಗೂ ಹಳೆಯ ಕೇಬಲ್ಲೇ ಕಾರಣವಾಗಿದ್ದಿರಬಹುದೇ? ಪಿಎಸ್‌ಆರ್ ಆಫ್ ಮಾಡಿದ್ದು ಬರೀ ಅದನ್ನು ಮುಚ್ಚಿಟ್ಟಿತೇ? ನಿದ್ದೆಯಿಂದ ಎದ್ದ ಲಿಂಕ್ ಸವೆದ ಕೇಬಲ್ ಮೇಲೆ ತಡವರಿಸುವುದು ಅಸಾಧ್ಯವೇನಲ್ಲ. ಹೊಸ ಕೇಬಲ್ ಇರುವಾಗಲೇ ಪಿಎಸ್‌ಆರ್ ಮತ್ತೆ ಆನ್ ಮಾಡಿ ನೋಟ್‌ಪ್ಯಾಡ್ ಮುಂದೆ ಕುಳಿತೆ. ಕರ್ಸರಿನ ತಾಳಕ್ಕೆ ಮಿಟುಕು ಮರಳಿ ಬಂತು. ಹಾಗಾದರೆ ಎರಡೂ ಬೇರೆ ಬೇರೆಯೇ.

ಪಿಎಸ್‌ಆರ್ ಸದ್ಯಕ್ಕೆ ಆಫ್. ಓದುವಾಗ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಒಪ್ಪಿಕೊಂಡಿದ್ದೇನೆ. ವಿಂಡೋಸ್ ಅಪ್‌ಡೇಟ್ ಗ್ರಾಫಿಕ್ಸ್ ಡ್ರೈವರ್ ಬದಲಿಸಿದಾಗ ಈ ಸ್ವಿಚ್ ತಾನಾಗಿ ಆನ್ ಆಗುವ ಸಾಧ್ಯತೆ ಇದೆ. ಮಿಟುಕು ಮತ್ತೆ ಕಂಡರೆ ಮೊದಲು ಅಲ್ಲಿ ನೋಡುತ್ತೇನೆ, ಗೆರೆ ಕಂಡರೆ ಹಿಂಜ್.