ಕುರಿಗಾರರು ಒಂದು ಕಡೆ ಏಕೆ ನಿಲ್ಲುವುದಿಲ್ಲ?

ಉತ್ತರ ಕರ್ನಾಟಕದ ಕುರಿಗಾರರ ಮಾತೆತ್ತಿದರೆ ಸಾಕು, ಬೆಂಗಳೂರಿನ ಗೆಳೆಯರದು ಒಂದೇ ಪ್ರಶ್ನೆ: "ಪಾಪ, ಅವರಿಗೆ ಊರು ಮನೆ ಇಲ್ಲವೇ? ಎಷ್ಟು ದಿನ ಹೀಗೆ ಅಲೆಯುತ್ತಾರೆ?"

ಊರಿದೆ, ಮನೆಯಿದೆ, ಹಲವರಿಗೆ ತುಂಡು ಹೊಲವೂ ಇದೆ. ನೆಲೆ ಇಲ್ಲದಿರುವುದು ಮಳೆಗೆ. ಗದಗ, ಕೊಪ್ಪಳ, ಬಾಗಲಕೋಟೆ ಕಡೆ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು, ಅದೂ ಈ ಊರಿಗೆ ಬಿದ್ದರೆ ಪಕ್ಕದ ಊರಿಗಿಲ್ಲ. ಇನ್ನೂರು ಕುರಿಗಳನ್ನು ಇಟ್ಟುಕೊಂಡು ಒಂದೇ ಊರಿನಲ್ಲಿ ಕುಳಿತರೆ ದೀಪಾವಳಿ ಕಳೆದು ತಿಂಗಳಾಗುವಷ್ಟರಲ್ಲಿ ಹುಲ್ಲು ಖಾಲಿ. ಹಾಗೆಂದು ಮಲೆನಾಡ ಸೆರಗಿಗೆ ಹೋಗಿ ನೆಲೆಸುವಂತೆಯೂ ಇಲ್ಲ, ಮಳೆಗಾಲದ ಕೆಸರಿನಲ್ಲಿ ಕುರಿಯ ಗೊರಸು ಕೊಳೆಯುತ್ತದೆ. ಅದಕ್ಕೇ ಕೊಯ್ಲು ಮುಗಿದ ಭತ್ತದ ಗದ್ದೆಗಳನ್ನು ಹುಡುಕಿಕೊಂಡು ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಗೆ ಹೋಗುತ್ತಾರೆ, ಮುಂಗಾರು ಹಿಡಿಯುವ ಹೊತ್ತಿಗೆ ಬಯಲುಸೀಮೆಗೆ ತಿರುಗುತ್ತಾರೆ.

ನಮ್ಮ ಹೊಲದಲ್ಲೂ ಕುರಿ ತರುಬುತ್ತಿದ್ದರು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹಿಂಡನ್ನು ಹೊಲದಲ್ಲಿ ಮಲಗಿಸುತ್ತಿದ್ದರು. ಸಂಜೆ ಮೊದಲು ಕಾಣುತ್ತಿದ್ದುದು ಕುದುರೆ. ಅದರ ಬೆನ್ನ ಮೇಲೆ ಕೌದಿ, ಪಾತ್ರೆ, ಬಲೆ, ಕಾಲು ಕಟ್ಟಿದ ಒಂದೆರಡು ಕೋಳಿ, ಚೀಲದಿಂದ ತಲೆ ಹೊರಹಾಕಿದ ಮರಿಗಳು. ಹಿಂಡು ಒಂದೊಂದು ರಾತ್ರಿ ಒಂದೊಂದು ಮೂಲೆಯಲ್ಲಿ ಮಲಗಿ, ವಾರದಲ್ಲಿ ಹೊಲದ ತುಂಬ ಹಿಕ್ಕೆ. ಅಪ್ಪ ಜೋಳ ಅಳೆದು, ಮೇಲಿಷ್ಟು ಹಣ ಕೊಡುತ್ತಿದ್ದರು. ಚೌಕಾಸಿ ಜೋರಾಗಿಯೇ ನಡೆಯುತ್ತಿತ್ತು. ಗೆಲ್ಲುತ್ತಿದ್ದವರು ಮಾತ್ರ ಕುರಿಗಾರರು, ಏಕೆಂದರೆ ಪಕ್ಕದ ಹೊಲದವರೂ ಕಾದು ನಿಂತಿರುತ್ತಿದ್ದರು. ಪಾಪ ಎನ್ನುವ ಗೆಳೆಯರಿಗೆ ಆ ಚೌಕಾಸಿಯನ್ನು ಒಮ್ಮೆ ತೋರಿಸಬೇಕಿತ್ತು.

ಜಿಟಿಜಿಟಿ ಮಳೆ ಬಂದರೆ ಕರಿ ಕಂಬಳಿಯೇ ಅವರ ಕೊಪ್ಪೆ. ಡೆಕ್ಕನಿ ಕುರಿಯ ಉಣ್ಣೆ, ಹುಣಸೆ ಬೀಜದ ಗಂಜಿ ಕುಡಿದ ನೂಲು; ನೀರು ಸುಲಭಕ್ಕೆ ಒಳಗಿಳಿಯದು. ಈಗ ಆ ಉಣ್ಣೆಯನ್ನು ಕೇಳುವವರಿಲ್ಲ, ಕತ್ತರಿಸಿ ಅಲ್ಲೇ ಎಸೆದು ಹೋಗುವುದನ್ನು ನೋಡಿದ್ದೇನೆ.

ಕಷ್ಟವಿಲ್ಲವೆಂದಲ್ಲ. ಅದು ನಡಿಗೆಯದಲ್ಲ, ದಾರಿಯದು. ಗೋಮಾಳಗಳು ಕರಗಿವೆ, ನೀರಾವರಿ ಬಂದಲ್ಲಿ ಹೊಲ ಖಾಲಿ ಬೀಳುವುದೇ ಇಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಂತೂ ಸುಮಾರು 13,000 ಎಕರೆ ಸೌರ ವಿದ್ಯುತ್ತಿನ ಪಾಲಾಗಿದೆ. ವಿಶ್ವಸಂಸ್ಥೆ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ಬೇಲಿ ಹಾಕುವವರಿಗೆ ಸುದ್ದಿ ಮುಟ್ಟಿದಂತಿಲ್ಲ.

ಹೋದ ಸುಗ್ಗಿಯಲ್ಲಿ ರಸ್ತೆ ಬದಿ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: "ಕಾಕಾ, ಮಗನೂ ಇದೇ ಕೆಲಸದಲ್ಲಿದ್ದಾನೆಯೇ?"

"ಇಲ್ಲಪ್ಪ, ಒಂದು ಕಡೆ ನೆಲೆ ನಿಲ್ಲುತ್ತೇನೆಂದು ಪುಣೆಗೆ ಹೋದ, ಗಾರೆ ಕೆಲಸಕ್ಕೆ. ನಾನು ಮಳೆಗಾಲಕ್ಕಾದರೂ ಮನೆ ಸೇರುತ್ತೇನೆ. ಅವನು ಬಂದು ಎರಡು ವರ್ಷವಾಯಿತು."