ಕಪ್ಪು ಗೋಡೆ, ಬೋರ್‌ವೆಲ್ ನೀರು

ಒಲೆ ಹಿಂದಿನ ಗೋಡೆಗೆ ಕಪ್ಪು ಟೈಲ್ಸ್ ಹಾಕಿಸಿ, ಕೊಳೆ ಕಾಣಲ್ಲ ಅಂತ ಎಷ್ಟೋ ಮನೆಯವರಿಗೆ ಅಡುಗೆಮನೆ ವಿನ್ಯಾಸ ಮಾಡಿಕೊಡುವ ನಾನೇ ಹೇಳಿದ್ದೇನೆ. ಆ ಮಾತು ಬಿಡಿಸಿದ್ದು ಬೆಂಗಳೂರಿನ ಅಂಚಿನಲ್ಲಿರುವ ಒಂದು ಫ್ಲಾಟ್.

ಕಪಾಟುಗಳಿಗೆ ಬಿಳಿ ಬಾಗಿಲು, ಕಪ್ಪು ಗ್ರಾನೈಟ್ ಕಟ್ಟೆ, ಅಲ್ಲಿಂದ ಮೇಲಿನ ಕಪಾಟಿನವರೆಗೆ ಎರಡು ಅಡಿ ಹೊಳೆಯುವ ಕಪ್ಪು ಟೈಲ್ಸ್. ಕೆಲಸ ಮುಗಿದ ದಿನ ತೆಗೆದ ಫೋಟೊ ನೋಡಿ ನನಗೇ ಖುಷಿಯಾಗಿತ್ತು. ಮೂರು ವಾರಕ್ಕೆ ಫೋನ್ ಬಂತು. "ಮೇಡಂ, ಒಂದ್ಸಲ ಬಂದು ನೋಡ್ತೀರಾ?"

ಸಿಂಕ್ ಹಿಂದೆ ಪೂರ್ತಿ ಬಿಳಿ ಚುಕ್ಕೆ. ಬೋರ್‌ವೆಲ್ ನೀರು. ಹನಿ ಆರಿದ ಮೇಲೆ ಅದರಲ್ಲಿದ್ದ ಸುಣ್ಣದಂಶ ಉಳಿಯುತ್ತದೆ. ಕೆನೆ ಬಣ್ಣದ ಟೈಲ್ಸ್ ಮೇಲೂ ಉಳಿಯುತ್ತದೆ, ಕಣ್ಣಿಗೆ ಬೀಳಲ್ಲ ಅಷ್ಟೆ. ಮಿಕ್ಸಿ ಪಕ್ಕ ಒಣಗಿದ ದೋಸೆ ಹಿಟ್ಟು. ಮನೆಯ ಹಿರಿಯಮ್ಮ ಸಿಟ್ಟಿಲ್ಲದೆ ಕೇಳಿದರು: "ನಮ್ಮನೇಲಿ ದಿನಾ ಅಕ್ಕಿ ರೊಟ್ಟಿ, ಇಲ್ಲಾಂದ್ರೆ ದೋಸೆ. ಅಕ್ಕಿ ಹಿಟ್ಟು ಹಾರೋ ಕಡೆ ಕಪ್ಪು ಗೋಡೆ ಯಾರಮ್ಮ ಹೇಳಿದ್ದು?" ನಾನು ಸಿಂಕ್ ನೋಡುತ್ತಾ ನಿಂತೆ.

ಕಪ್ಪು ಬಚ್ಚಿಡೋದು ಅರಿಶಿನವನ್ನು. ಬಿಳಿ ಟೈಲ್ಸ್ ಸಂದಿಗೆ ಅರಿಶಿನ ಹಿಡಿದರೆ ಏನು ಉಜ್ಜಿದರೂ ಪೂರ್ತಿ ಹೋಗಲ್ಲ. ನಾನು ಯೋಚಿಸಿದ್ದು ಅದೊಂದನ್ನೇ. ನೀರು ಯಾವುದು ಅಂತ ಕೇಳಿರಲೇ ಇಲ್ಲ.

ಇನ್ನೂ ಎರಡು ತಪ್ಪಿತ್ತು. ಕಪಾಟಿನ ಕೆಳಗೆ ಅಂಟಿಸಿದ್ದ ಎಲ್‌ಇಡಿ ಪಟ್ಟಿಯ ಒಂದೊಂದು ದೀಪವೂ ಆ ಕನ್ನಡಿಯಂಥ ಗೋಡೆಯಲ್ಲಿ ಸಾಲಾಗಿ ಕಾಣುತ್ತಿತ್ತು. ಒಗ್ಗರಣೆಯ ಎಣ್ಣೆ ಹನಿಗಳೂ ಆ ಬೆಳಕಲ್ಲೇ ಎದ್ದು ಕಾಣುತ್ತಿದ್ದವು. ಪಟ್ಟಿಯನ್ನು ಹಾಲು ಬಣ್ಣದ ಮುಚ್ಚಳವಿರುವ ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟಿನ (ಪ್ರೊಫೈಲ್) ಒಳಗೆ ಕೂರಿಸಿದೆ. ಸಂದಿಗೆ ತುಂಬಿದ್ದ ಕಪ್ಪು ಸಿಮೆಂಟ್ ಗ್ರೌಟ್ ಆಗಲೇ ಬೂದಿ ಬಣ್ಣಕ್ಕೆ ತಿರುಗಿತ್ತು. ಕಲೆ ಹೋಗಲಿ ಅಂತ ಅವರು ವಿನೆಗರ್ ಹಾಕಿ ಒರೆಸುತ್ತಿದ್ದರು, ಹುಳಿ ಸಿಮೆಂಟನ್ನು ತಿನ್ನುತ್ತದೆ. ಎಲ್ಲ ಕೆರೆಸಿ, ಸಿಮೆಂಟ್ ಬದಲು ಎಪಾಕ್ಸಿ ಅನ್ನೋ ರಾಳದ ಗ್ರೌಟ್ ತುಂಬಿಸಿದೆ. ಖರ್ಚು ನಂದೇ.

ಹೊಳಪಿಲ್ಲದ ಮ್ಯಾಟ್ ಟೈಲ್ಸ್ ಹಾಕಿದ್ದರೆ ಆಗ್ತಿತ್ತಲ್ವಾ ಅಂತ ಕೆಲವರು ಕೇಳುತ್ತಾರೆ. ದೀಪದ ಚುಕ್ಕೆ ತಪ್ಪುತ್ತದೆ, ಆದರೆ ಅದರ ಮೇಲೆ ಕೂತ ಎಣ್ಣೆ ಒಂದು ಒರೆತಕ್ಕೆ ಬಿಡಲ್ಲ. ಕಪ್ಪು ಬಣ್ಣ ಬಳಿದ ಒಂದೇ ತುಂಡು ಗಾಜಿಗೆ ಸಂದಿಯ ತಲೆನೋವಿಲ್ಲ. ಆದರೆ ಒಲೆ ಹಿಂದೆ ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿಗೊಳಿಸಿದ ಗಾಜೇ ಬೇಕು, ಟಫನ್ ಆದ ಮೇಲೆ ಅದರಲ್ಲಿ ತೂತು ಕೊರೆಯೋಕೆ ಆಗಲ್ಲ. ಹಾಗಾಗಿ ಮಿಕ್ಸಿ, ಫಿಲ್ಟರ್‌ಗಳ ಪ್ಲಗ್ ಎಲ್ಲಿ ಅಂತ ಖಚಿತವಾಗುವವರೆಗೆ ನಾನು ಗಾಜಿಗೆ ಆರ್ಡರ್ ಕೊಡಲ್ಲ.

ಈಗ ಯಾರಾದರೂ ಕಪ್ಪು ಕೇಳಿದರೆ ಒಂದು ಸ್ಯಾಂಪಲ್ ಟೈಲ್ ಅವರ ಮನೆಗೇ ಒಯ್ಯುತ್ತೇನೆ. ಅವರದೇ ನಲ್ಲಿ ನೀರು ಚಿಮುಕಿಸಿ, ಒರೆಸದೆ ರಾತ್ರಿ ಬಿಡಿ ಅನ್ನುತ್ತೇನೆ. ಬೆಳಿಗ್ಗೆ ನೋಡಿ ಒಬ್ಬರು ಕೆನೆ ಬಣ್ಣಕ್ಕೆ ಹೋದರು. ಕಾವೇರಿ ನೀರು ಬರುವ ಇನ್ನೊಂದು ಮನೆಯವರು ಕಪ್ಪೇ ಇರಲಿ ಅಂದರು.

ಆ ಫ್ಲಾಟಿನ ಗೋಡೆ ಈಗಲೂ ಕಪ್ಪೇ. ಸಿಂಕ್ ಪಕ್ಕ ಒಣ ಬಟ್ಟೆ ನೇತು ಹಾಕೋಕೆ ಹಿರಿಯಮ್ಮ ಒಂದು ಕೊಕ್ಕೆ ಕೇಳಿದರು. ಅವರ ಕೈಗೆ ಎಟಕುವ ಎತ್ತರ ನೋಡಿ ಹಾಕಿಕೊಟ್ಟೆ.